ಎರಡು ಮಾಡಲಾಗದ ಲೋಡು

ಹಾಜಿಯವರು ತೀರಿಕೊಂಡ ಸುದ್ದಿ ಬಂದಾಗ ನಾನು ಪಂಪ್‌ವೆಲ್ಲಿನ ಹತ್ತಿರ ಬಸ್ಸಿನಲ್ಲಿ ಕೂತು, ಮುಂದಿದ್ದ ಬೈಹುಲ್ಲಿನ ಲಾರಿಯನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಘಟ್ಟದ ಮೇಲಿನಿಂದ ಬಂದ ಲಾರಿ. ಹುಲ್ಲು ಎರಡೂ ಬದಿಗೆ ಉಬ್ಬಿ ಹಿಂದಿನ ಕೆಂಪು ದೀಪಗಳನ್ನೂ ಮುಚ್ಚಿತ್ತು. ನಮ್ಮ ಬಸ್ಸು ಅದನ್ನು ದಾಟುವಾಗ ನಾಲ್ಕು ಎಳೆ ಹುಲ್ಲು ಕಿಟಕಿಯೊಳಗೆ ಬಂದು ನನ್ನ ಮಡಿಲಲ್ಲಿ ಬಿತ್ತು. ಉಳಿದವರೆಲ್ಲ ಮೊಬೈಲು ನೋಡುತ್ತಿದ್ದರು. ನಾನೊಬ್ಬಳೇ ಕುದಿಯುತ್ತಿದ್ದೆ. ಹುಲ್ಲನ್ನು ಎರಡು ಲಾರಿಗೆ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅಷ್ಟರಲ್ಲಿ ಫೋನು ಬಂತು. ನಮ್ಮ ಆಫೀಸಿನ ಹಳೆಯ ಡ್ರೈವರ್. ಸುದ್ದಿ ಹೇಳಿ, ದಫನ ಮಧ್ಯಾಹ್ನಕ್ಕೆ ಅಂದ.

ಫೋನು ಇಟ್ಟ ಮೇಲೂ ನನ್ನ ಕಣ್ಣು ಆ ಲಾರಿಯ ಮೇಲೇ ಇತ್ತು. ದುಃಖಕ್ಕಿಂತ ಮೊದಲು ಹೊಳೆದದ್ದು ಒಂದೇ: ಈ ಬೈಗುಳ ನನ್ನದಲ್ಲ, ಅವರದ್ದು. ಅವರು ನನಗೆ ಕೆಲಸ ಕೊಟ್ಟರು, ಕೆಲಸ ಕಲಿಸಿದರು, ಜೊತೆಗೆ ರಸ್ತೆಯಲ್ಲಿ ಎಂದೂ ನೆಮ್ಮದಿಯಾಗಿ ಹೋಗಲಾರದ ಈ ಚಾಳಿಯನ್ನೂ ಅಂಟಿಸಿ ಹೋದರು. ಅಳು ಬಂದದ್ದು ಆಮೇಲೆ, ಬಸ್ಸು ಇಳಿದ ಮೇಲೆ.

ಹಜ್ ಮುಗಿಸಿ ಬಂದ ನಂತರ ಅವರನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಉಳಿಯಲಿಲ್ಲ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ. ಅವರ ಮನೆತನದವರು ಬಂದರಿನಲ್ಲಿ ಸಗಟು ವ್ಯಾಪಾರ ಮಾಡಿಕೊಂಡು ಬಂದವರು. ಇವರು ಕಾಮರ್ಸ್ ಓದಿ, ಗಲ್ಫಿಗೆ ಹೋಗಿ, ಅಲ್ಲಿ ಭಾರೀ ಯಂತ್ರಗಳನ್ನು ಹಡಗಿನಿಂದ ಇಳಿಸಿ ಮರುಭೂಮಿಯೊಳಗೆ ಸಾಗಿಸುವ ಕಂಪೆನಿಯಲ್ಲಿ ವರ್ಷಗಟ್ಟಲೆ ದುಡಿದರು. ಊರಿಗೆ ಮರಳಿದಾಗ ಅಣ್ಣತಮ್ಮಂದಿರು ಬಟ್ಟೆ ಅಂಗಡಿ ಹಾಕೋಣ ಅಂದರಂತೆ. ಇವರು ಎರಡು ಟ್ರೈಲರು ಕೊಂಡರು. ಕೊಟ್ಟಾರದಲ್ಲಿ ಆಫೀಸು, ನಂತೂರಿನಿಂದ ಸ್ವಲ್ಪ ಒಳಗೆ ಯಾರ್ಡು. ಮಾಮೂಲಿ ಲಾರಿಗೆ ಹಿಡಿಸದ ಸಾಮಾನು ಏನಿದ್ದರೂ ನಮ್ಮಲ್ಲಿಗೆ ಬರುತ್ತಿತ್ತು: ಅಕ್ಕಿ ಮಿಲ್ಲಿನ ಬಾಯ್ಲರು, ಗದ್ದೆ ಕೊಯ್ಯುವ ದೊಡ್ಡ ಯಂತ್ರ, ಎಣ್ಣೆ ಗಿರಣಿಯ ಟ್ಯಾಂಕು. ಕಾರ್ಖಾನೆಗಳ ಕೆಲಸದಲ್ಲಿ ಲಾಭ ಹೆಚ್ಚು. ಆದರೆ ಗದ್ದೆಯ ಯಂತ್ರ ಬಂದ ದಿನ ಹಾಜಿಯವರ ನಡಿಗೆಯೇ ಬೇರೆ.

ನಾನು ಆಗ ಒಂದು ಖಾಸಗಿ ಶಾಲೆಯಲ್ಲಿ ಟೀಚರಾಗಿದ್ದವಳು. ಶಾಲೆ ಕನ್ನಡ ವಿಭಾಗವನ್ನು ಮುಚ್ಚಿತು, ಜೊತೆಗೆ ನನ್ನ ಕೆಲಸವನ್ನೂ. ಇಂಗ್ಲಿಷಿನಲ್ಲಿ ಪತ್ರ ಬರೆಯಬಲ್ಲವರು ಬೇಕು ಎಂಬ ಜಾಹೀರಾತು ನೋಡಿ ಹೋದೆ. ಸರ್ಟಿಫಿಕೇಟುಗಳನ್ನು ಅವರು ತೆರೆದೂ ನೋಡಲಿಲ್ಲ. ತಮ್ಮ ಮುಂದಿದ್ದ ಮೇಜನ್ನು ತೋರಿಸಿ, ಇದು ಆ ಬಾಗಿಲಿನಿಂದ ಹೊರಗೆ ಹೋಗ್ತದಾ ಅಂತ ಕೇಳಿದರು. ಹೋಗಬಹುದು ಅಂದೆ.

“ಹೋಗಬಹುದು ಅಂತ ಬರೆದ್ರೆ ಯಾರೂ ಪರ್ಮಿಟ್ ಕೊಡುದಿಲ್ಲ ಟೀಚರೇ” ಅಂದು ಅಳತೆ ಟೇಪನ್ನು ನನ್ನ ಕಡೆ ತಳ್ಳಿದರು.

ಸೀರೆ ಸೊಂಟಕ್ಕೆ ಸಿಕ್ಕಿಸಿ ಅಳೆದೆ. ಮೇಜು ಅಡ್ಡವಾಗಿಯೂ ಹೋಗುವಂತಿರಲಿಲ್ಲ, ಉದ್ದವಾಗಿಯೂ ಹೋಗುವಂತಿರಲಿಲ್ಲ. ಹಾಗಾದರೆ ಒಳಗೆ ಹೇಗೆ ಬಂತು ಅಂತ ನಾನು ಕೇಳಿದ್ದೇ ತಡ, ಅವರ ಮುಖ ಅರಳಿತು. ಆಚಾರಿಯನ್ನು ಒಳಗೆ ಕೂರಿಸಿಯೇ ಮಾಡಿಸಿದ್ದಂತೆ. ಕೆಲಸ ಕೇಳಲು ಬಂದವರಲ್ಲಿ ಈ ಪ್ರಶ್ನೆ ಕೇಳಿದವಳು ನಾನೊಬ್ಬಳೇ ಎಂದು ಮರುದಿನದಿಂದಲೇ ಬರಲು ಹೇಳಿದರು. ನಾನು ಆ ಆಫೀಸು ಬಿಡುವವರೆಗೂ ಅವರ ಬಾಯಲ್ಲಿ ಟೀಚರಾಗಿಯೇ ಉಳಿದೆ.

ಕೆಲಸದ ಮೊದಲ ಪಾಠ ಒಂದು ಪ್ರಶ್ನೆ. ಯಾರೇ ಬರಲಿ, ಎಂಥ ಸಾಮಾನೇ ಇರಲಿ, ಹಾಜಿಯವರು ಮೊದಲು ಕೇಳುತ್ತಿದ್ದದ್ದು ‘ಇದನ್ನು ಎರಡು ಮಾಡ್ಲಿಕ್ಕೆ ಆಗ್ತದಾ?’ ಅಂತ. ಕಾನೂನು ಇರುವುದೇ ಹಾಗೆ. ರಸ್ತೆಗೆ ಹೇಳಿದ ಅಗಲ, ಎತ್ತರ, ಉದ್ದಕ್ಕಿಂತ ಹೆಚ್ಚಿನ ಲೋಡಿಗೆ ವಿಶೇಷ ಪರ್ಮಿಟ್ ಸಿಗಬೇಕಾದರೆ ಅದು ಬಿಡಿಸಲಾಗದ ಒಂದೇ ವಸ್ತುವಾಗಿರಬೇಕು. ಕೊಯ್ಯುವ ಯಂತ್ರದ ಹೊಟ್ಟೆಯನ್ನು ಎರಡು ತುಂಡು ಮಾಡಲಾಗದು, ಅದಕ್ಕೆ ಪರ್ಮಿಟ್ ಉಂಟು. ಅದರ ಮುಂದಿನ ಅಗಲದ ಬ್ಲೇಡನ್ನು ಬಿಚ್ಚಲು ಬರುತ್ತದೆ, ಅದನ್ನು ಬಿಚ್ಚಿ ಬೇರೆ ಹೇರಬೇಕು. ಹುಲ್ಲಿಗೆ, ಕಬ್ಬಿಗೆ, ತೆಂಗಿನ ಸಿಪ್ಪೆಗೆ ಪರ್ಮಿಟ್ಟೇ ಇಲ್ಲ. ಇನ್ನೊಂದು ಲಾರಿ ತನ್ನಿ, ಅಷ್ಟೆ.

ಇದು ನಮ್ಮಲ್ಲಿಗೆ ಬರುವ ಕೃಷಿಕರಿಗೆ ಸುತರಾಂ ಒಪ್ಪಿಗೆಯಾಗುತ್ತಿರಲಿಲ್ಲ. ಗದ್ದೆಯ ಸಾಮಾನಿಗೆ ರಸ್ತೆಯಲ್ಲಿ ಕಟ್ಟಳೆ ಇಲ್ಲ ಎಂಬುದು ಅವರೆಲ್ಲರ ಗಟ್ಟಿ ನಂಬಿಕೆ. ಸರಕಾರವೇ ಸಬ್ಸಿಡಿ ಕೊಟ್ಟು ಕೊಡಿಸಿದ ಯಂತ್ರಕ್ಕೆ ಸರಕಾರವೇ ಅಡ್ಡ ನಿಲ್ಲುತ್ತದಾ ಅಂತ ಕೇಳುವರು. ಹಾಜಿಯವರು ಅವರಿಗೆ ಚಹಾ ತರಿಸಿ, ಸಮಾಧಾನವಾಗಿ ಹೇಳುತ್ತಿದ್ದರು: ರಸ್ತೆಗೆ ಭತ್ತ ಗೊತ್ತಿಲ್ಲ, ಬಾಯ್ಲರೂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅಗಲ ಮಾತ್ರ. ಅರ್ಧದಷ್ಟು ಮಂದಿ ಚಹಾ ಕುಡಿದು ಎದ್ದು ಹೋಗಿ, ಬೇರೆ ಯಾರದೋ ಟ್ರೈಲರು ಹಿಡಿದು, ಪರ್ಮಿಟ್ಟಿನ ಗೊಡವೆಯೇ ಇಲ್ಲದೆ ಕೆಲಸ ಮುಗಿಸಿಕೊಳ್ಳುತ್ತಿದ್ದರು. ನಮ್ಮ ಆಫೀಸಿನ ಎದುರಿನಿಂದಲೇ ಹಾರ್ನ್ ಹೊಡೆದು ಕೊಂಡುಹೋದವರೂ ಇದ್ದಾರೆ. ನನಗೆ ಹೊಟ್ಟೆ ಉರಿಯುತ್ತಿತ್ತು. ಹಾಜಿಯವರು ಕಿಟಕಿಯಿಂದ ನೋಡಿ, ಹಗ್ಗ ಸರಿಯಾಗಿ ಕಟ್ಟಲಿಲ್ಲ ಅನ್ನುತ್ತಿದ್ದರು.

ಅವರ ಇನ್ನೊಂದು ಪದ್ಧತಿಯನ್ನು ಕಂಡು ಮೊದಮೊದಲು ನನಗೆ ನಗು ತಡೆಯಲಾಗುತ್ತಿರಲಿಲ್ಲ. ದೊಡ್ಡ ಲೋಡು ಹೊರಡುವ ಹಿಂದಿನ ದಿನ ಅವರು ತಮ್ಮ ಹಳೆಯ ವ್ಯಾನಿನ ತಲೆಯ ಮೇಲೆ ಒಂದು ಬಿದಿರಿನ ಗಳವನ್ನು ಅಡ್ಡ ಕಟ್ಟಿಸುವರು. ಲೋಡು ಎಷ್ಟು ಅಗಲವೋ ಬಿದಿರೂ ಅಷ್ಟೇ. ಎರಡೂ ತುದಿಗೆ ಕೆಂಪು ಬಟ್ಟೆ. ಎತ್ತರಕ್ಕೆ ಇನ್ನೊಂದು ಗಳ ನೆಟ್ಟಗೆ. ಆಮೇಲೆ ಲೋಡು ಹೋಗುವ ದಾರಿಯಲ್ಲೇ ನಡಿಗೆಯ ವೇಗದಲ್ಲಿ ವ್ಯಾನು ಹೋಗಬೇಕು. ಬಿದಿರು ಎಲ್ಲಿ ತಾಗಿತೋ ಅಲ್ಲಿ ಇಳಿಯುವುದು, ನೋಡುವುದು, ಮಾತಾಡುವುದು. ಚುನಾವಣೆಯ ಕಾಲದಲ್ಲಿ ಇದು ಯಾವ ಪಕ್ಷದ ಗಾಡಿ ಅಂತ ಜನ ಕೇಳಿದ್ದಾರೆ.

ಕಿನ್ನಿಗೋಳಿ ಕಡೆಯ ಒಂದು ಓಣಿಯಲ್ಲಿ ಬಿದಿರು ಒಂದು ಮನೆಯ ದಾಸವಾಳದ ಬೇಲಿಗೆ ತಾಗಿತು. ಒಳಗಿನಿಂದ ಅಜ್ಜಿಯೊಬ್ಬರು ಅಂಗಳ ಗುಡಿಸುತ್ತಿದ್ದ ಹಿಡಿಸೂಡಿ ಹಿಡಿದುಕೊಂಡೇ ಬಂದರು. ರಸ್ತೆ ಅಗಲ ಮಾಡುವವರು ಅಳೆಯಲು ಬಂದಿದ್ದಾರೆಂದು ಅವರ ಲೆಕ್ಕ. ಹಾಜಿಯವರು ವ್ಯಾನಿನಿಂದ ಇಳಿದು, ಬೇಲಿಯಾಚೆ ನಿಂತು, ತುಳುವಿನಲ್ಲಿ ಅವರ ಊರು ಮನೆ ವಿಚಾರಿಸಿ, ನಾಳೆ ಬರುವ ಯಂತ್ರ ಎಂತದ್ದು, ಅದು ಯಾರ ಗದ್ದೆಗೆ ಹೋಗುತ್ತದೆ, ಎರಡು ಕೊಂಬೆ ಎಷ್ಟು ಹೊತ್ತು ಬಗ್ಗಬೇಕು ಎಂದೆಲ್ಲ ವಿವರಿಸಿದರು. ಕಡಿಯುತ್ತೇವೆ ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ನಮಗೆ ಮಜ್ಜಿಗೆ ಸಿಕ್ಕಿತು. ಮರುದಿನ ಯಂತ್ರ ಬಂದಾಗ ಅಜ್ಜಿ ತಾವೇ ಕೊಂಬೆಗಳಿಗೆ ಹಗ್ಗ ಹಾಕಿ ಒಳಗೆ ಎಳೆದು ಹಿಡಿದು ನಿಂತಿದ್ದರು, ಹಸುವನ್ನು ಹಿಡಿದು ನಿಂತ ಹಾಗೆ.

ಇಷ್ಟು ಹೊಗಳಿದ ಮೇಲೆ ಉಳಿದದ್ದನ್ನೂ ಹೇಳಬೇಕು. ಹಾಜಿಯವರು ಮಹಾ ಸೊಗಸುಗಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಗಡ್ಡಕ್ಕೆ ಮದರಂಗಿ, ಕಿವಿಯ ಹಿಂದೆ ಅತ್ತರು. ಅದೇ ಅಂಗಿಯಲ್ಲಿ ಟ್ರೈಲರಿನ ಅಡಿಗೆ ನುಗ್ಗಿ, ಗ್ರೀಸು ಮೆತ್ತಿಸಿಕೊಂಡು ಬಂದು ಡ್ರೈವರುಗಳ ಮೇಲೆ ರೇಗುವರು. ಸಕ್ಕರೆ ಕಾಯಿಲೆ ಇದ್ದರೂ ಹಲ್ವ ಬಿಟ್ಟವರಲ್ಲ. ಅದನ್ನು ಇಡುತ್ತಿದ್ದದ್ದು ನನ್ನ ಡ್ರಾಯರಿನಲ್ಲಿ, ಮನೆಯವರು ಬಂದು ಹುಡುಕಿದರೆ ಸಿಕ್ಕಬಾರದು ಅಂತ. ಮದುವೆಗೆ ಕರೆದರೆ ಹುಡುಗ-ಹುಡುಗಿಯನ್ನು ನೋಡುವ ಮೊದಲು ಮದುವೆ ಹಾಲ್‌ನ ಬಾಗಿಲು ಎಷ್ಟು ಅಗಲ ಅಂತ ನೋಡುವರು. ಯಾರನ್ನೂ ಹೊಗಳಿದವರಲ್ಲ. ಬಹಳ ಸಂತೋಷವಾದರೆ ‘ಅಡ್ಡಿಲ್ಲ’ ಎಂಬ ಒಂದು ಮಾತು. ಭರ್ಜರಿ ಕೆಲಸ ಮಾಡಿ ಮುಗಿಸಿದ ದಿನ ನಾವೆಲ್ಲ ಅವರ ಬಾಯಿ ನೋಡುತ್ತ ನಿಂತು, ಅದೂ ಸಿಗದೆ ಮನೆಗೆ ಹೋದದ್ದುಂಟು. ಹಟವೂ ಕಡಿಮೆ ಇರಲಿಲ್ಲ. ಆ ಹಟ ನನ್ನ ಸ್ವಂತ ಅಣ್ಣನಿಗೇ ತಾಗಿದ ಕಥೆ ಇದೆ.

ಅಣ್ಣ ತೊಕ್ಕೊಟ್ಟಿನಿಂದ ಒಳಗೆ ನಮ್ಮೂರಿನ ದೇವಸ್ಥಾನದ ಅರ್ಚಕ. ಪೂಜೆ ಮುಗಿಸಿ ಬಂದವನು ಗದ್ದೆಗಿಳಿಯುವವ. ಬೇಸಾಯವಿಲ್ಲದೆ ಹಡಿಲು ಬಿದ್ದು ಹುಲ್ಲು ಬೆಳೆದಿದ್ದ ಗದ್ದೆಗಳನ್ನು ನೋಡಿ ನೋಡಿ ಬೇಸತ್ತು, ಮನೆಮನೆಗೆ ಹೋಗಿ ಜನರನ್ನು ಎಬ್ಬಿಸಿ ಒಂದು ಗುಂಪು ಕಟ್ಟಿದ. ಮೊದಲ ವರ್ಷ ಚೆನ್ನಾಗಿ ಬೆಳೆಯಿತು. ಎರಡನೇ ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಬಂದು, ಒಣಗಿಸಲು ಬಿಸಿಲಿಲ್ಲದೆ ಭತ್ತ ರಾಶಿಯಲ್ಲೇ ಮೊಳಕೆಯೊಡೆಯಿತು. ಅರ್ಧ ಜನ ಗುಂಪು ಬಿಟ್ಟರು. ಉಳಿದವರನ್ನು ಅಣ್ಣ ಒಂದೇ ಮಾತು ಕೊಟ್ಟು ಹಿಡಿದುಕೊಂಡಿದ್ದ: ಈ ಸಲ ಭತ್ತ ಒಣಗಿಸುವ ಯಂತ್ರ ತರಿಸುತ್ತೇನೆ. ಈ ಸಲವೂ ಕೊಳೆತರೆ ಇನ್ನು ಯಾರೂ ಗದ್ದೆಗೆ ಕಾಲಿಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಯಂತ್ರ ಹೊರರಾಜ್ಯದ ಕಾರ್ಖಾನೆಯಿಂದ ನಮ್ಮ ಯಾರ್ಡಿಗೆ ಬಂತು. ಚಕ್ರಗಳ ಮೇಲೆ ನಿಂತ ದೊಡ್ಡ ತಗಡಿನ ಹೊಟ್ಟೆ ಒಂದು ಲೋಡು. ಭತ್ತ ಮೇಲೇರಿಸುವ ಕೊಳವೆ ಮತ್ತು ಏಣಿ ಇನ್ನೊಂದು. ಹಾಜಿಯವರು ಹೊಟ್ಟೆಯನ್ನು ತಮ್ಮ ಕೈಯಾರೆ ಅಳೆದರು. ನಾನು ಅರ್ಜಿ ಬರೆದೆ. ರಸ್ತೆಯವರು, ಪೊಲೀಸರು, ಸೇತುವೆಯವರು ಎಲ್ಲರ ಒಪ್ಪಿಗೆಯೂ ಬಂದು ಪರ್ಮಿಟ್ ಆಯಿತು. ಶುಕ್ರವಾರ ಬೆಳಿಗ್ಗೆ ವಾಹನ ಸಂಚಾರ ಹೆಚ್ಚುವ ಮೊದಲು ಹೊರಟು, ನೇತ್ರಾವತಿ ಸೇತುವೆ ದಾಟಿ ತೊಕ್ಕೊಟ್ಟಿಗೆ ಮುಟ್ಟಬೇಕು.

ಆ ವಾರವೇ ಮಳೆ ಒಂದು ದಿನ ಬಿಡುವು ಕೊಟ್ಟಿತು. ಅಣ್ಣನ ಗುಂಪಿನವರು ಆತುರಾತುರವಾಗಿ ಕೊಯ್ಲು ಮಾಡಿಸಿದರು. ಮರುದಿನ ಮತ್ತೆ ಮಳೆ. ಹಸಿ ಭತ್ತವನ್ನೆಲ್ಲ ದೇವಸ್ಥಾನದ ಸಭಾಭವನದಲ್ಲಿ ರಾಶಿ ಹಾಕಿದರು. ಅಣ್ಣ ಫೋನು ಮಾಡಿ, ರಾಶಿಯೊಳಗೆ ಕೈ ಹಾಕಿದರೆ ಬಿಸಿ ತಾಗುತ್ತದೆ ಅಂದ. ಭತ್ತ ಬಿಸಿಯಾದರೆ ಮೊಳಕೆಗೆ ಹೆಚ್ಚು ದಿನ ಬೇಡ.

ಗುರುವಾರ ಹಾಜಿಯವರು ಬಿದಿರು ಕಟ್ಟಿಸಿಕೊಂಡು ಸೇತುವೆಯ ಕಡೆ ಹೋಗಿದ್ದರು. ನಾನು ಕೊಟ್ಟಾರದ ಆಫೀಸಿನಲ್ಲಿದ್ದೆ. ಅದೇ ಹೊತ್ತಿಗೆ ಅಣ್ಣ ಯಾರ್ಡಿಗೆ ಬಂದ, ಜೊತೆಗೆ ಕಾರ್ಖಾನೆಯ ಮೆಕ್ಯಾನಿಕ್ಕು. ತೊಕ್ಕೊಟ್ಟಿಗೆ ಹೋದ ಮೇಲೆ ಜೋಡಿಸುತ್ತ ಕೂತರೆ ಒಂದು ದಿನ ಹಾಳು, ಇಲ್ಲೇ ಜೋಡಿಸಿಬಿಟ್ಟರೆ ಇಳಿಸಿದ ಕೂಡಲೇ ಭತ್ತ ತುಂಬಬಹುದು ಎಂಬುದು ಅಣ್ಣನ ಯೋಚನೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿಸಿದ. ಮೆಕ್ಯಾನಿಕ್ಕು ಕೊಳವೆಯನ್ನೂ ಏಣಿಯನ್ನೂ ಹೊಟ್ಟೆಯ ಬದಿಗೆ ಕೂರಿಸಿ, ಗಟ್ಟಿಯಾಗಿ ಬೆಸುಗೆ ಹಾಕಿ, ಬಾಡಿಗೆಯ ಟ್ರಾಕ್ಟರಿಗೆ ಸಿಕ್ಕಿಸಿ ಒಮ್ಮೆ ಓಡಿಸಿಯೂ ನೋಡಿ, ಸಂಜೆಯ ರೈಲು ಹತ್ತಿದ.

ಶುಕ್ರವಾರ ಬೆಳಗಾಗುವಾಗ ಯಂತ್ರ ಟ್ರೈಲರಿನ ಮೇಲಿತ್ತು. ಅಣ್ಣ ಪೂಜೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದ. ನಾನೂ ಇದ್ದೆ. ಹಾಜಿಯವರು ಎಂದಿನಂತೆ ಹೊರಡುವ ಮೊದಲು ಟೇಪು ಹಿಡಿದರು. ಅಳೆದು ನಿಂತರು. ಇನ್ನೊಮ್ಮೆ ಅಳೆದರು. ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಲೋಡು ಒಂದು ಗೇಣು ಅಗಲವಾಗಿತ್ತು.

ಏನಾಯಿತೆಂದು ಅವರಿಗೆ ಯಾರೂ ಹೇಳಬೇಕಾಗಲಿಲ್ಲ. ಬೆಸುಗೆಯ ಮಸಿ ಇನ್ನೂ ಹಸಿಯಾಗಿಯೇ ಇತ್ತು. ಅವರು ಕೂಗಾಡಲಿಲ್ಲ. ಬದಿಯಲ್ಲಿದ್ದ ಹಳೆಯ ಟಯರಿನ ಮೇಲೆ ಆ ಬಿಳಿ ಅಂಗಿಯಲ್ಲೇ ಕೂತುಬಿಟ್ಟರು. ಕಾರ್ಖಾನೆಗೆ ಫೋನು ಮಾಡಿ ಕೇಳಿದರೆ, ಬೆಸುಗೆ ಕತ್ತರಿಸಿದರೆ ತೆಳು ತಗಡು ಸುಟ್ಟುಹೋಗುತ್ತದೆ, ಗ್ಯಾರಂಟಿಯೂ ಇಲ್ಲ ಅಂದರು. ಹೊಸ ಅಳತೆಗೆ ಹೊಸ ಪರ್ಮಿಟ್ ಬೇಕು. ಎದುರಿಗೆ ಎರಡನೇ ಶನಿವಾರ, ಭಾನುವಾರ. ಆಕಾಶದಲ್ಲಿ ಮೋಡ.

ಅಣ್ಣ ಬೇಡಿಕೊಂಡ. ಇಷ್ಟು ಬೆಳಿಗ್ಗೆ ಯಾರು ಟೇಪು ಹಿಡಿದು ನಿಲ್ಲುತ್ತಾರೆ, ಒಂದು ಗೇಣು ತಾನೆ, ಪರ್ಮಿಟ್ ಕೈಯಲ್ಲೇ ಇದೆ ಅಂದ. ಟ್ರಾಕ್ಟರಿಗೆ ಕಟ್ಟಿ ಎಳೆಸಿದರೆ ಆಗುವುದಿಲ್ಲವಾ ಅಂದ. ಟ್ರಾಕ್ಟರಿಗೆ ಕಟ್ಟಿದರೆ ಅಗಲ ಕಡಿಮೆ ಆಗುದಿಲ್ಲ ಭಟ್ರೇ ಎಂದರು ಹಾಜಿಯವರು. ನಾನೂ ಬಾಯಿ ಹಾಕಿದೆ. ಇಷ್ಟು ವರ್ಷದಲ್ಲಿ ಒಂದು ಸಲ, ನಮ್ಮ ಮನೆಯವರಿಗಾಗಿ ಅಂತ ಕೇಳಿದೆ.

ಅವರು ನನ್ನ ಕಡೆ ತಿರುಗಿದರು. “ಸೇತುವೆಯ ಮೇಲೆ ಎಷ್ಟು ಜಾಗ ಉಂಟು ಅಂತ ನಿನ್ನೆ ನೋಡಿ ಬಂದಿದ್ದೇನೆ ಟೀಚರೇ. ನಮ್ಮ ಲೋಡು ಹೋಗುವಾಗ ಬದಿಯಲ್ಲಿ ಒಬ್ಬ ಸ್ಕೂಟರಿನವನಿಗೆ ಹೋಗ್ಲಿಕ್ಕೆ ಆಗ್ತದೆ. ನೀವು ಈಗ ಕೇಳುವ ಈ ಗೇಣು ಉಂಟಲ್ಲ, ಅದು ಆ ಸ್ಕೂಟರಿನವನದ್ದು. ಅವನನ್ನು ಕೇಳದೆ ನಾನು ಕೊಡುದು ಹೇಗೆ?”

ಅಣ್ಣನಿಗೆ ಸಿಟ್ಟು ನೆತ್ತಿಗೇರಿತು. ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ದನಿ ಎತ್ತದವನು ಆ ದಿನ ಯಾರ್ಡಿನ ಆಳುಗಳೆಲ್ಲ ಕೇಳುವಂತೆ ಹೇಳಿದ: “ನಿಮಗೆ ಟೇಪು ದೊಡ್ಡದು, ಅನ್ನ ಸಣ್ಣದು. ನಾಳೆ ಭತ್ತ ಮೊಳಕೆ ಬಂದ ಮೇಲೆ ನಿಮ್ಮ ಪರ್ಮಿಟನ್ನು ಬೇಯಿಸಿ ತಿನ್ಲಿಕ್ಕೆ ಆಗ್ತದಾ ಹಾಜಿಯವರೇ?”

ಅಣ್ಣ ಗೇಟಿನಾಚೆ ಹೋಗಿ ರಸ್ತೆಯ ಬದಿಯಲ್ಲಿ ನಿಂತ. ನನಗೆ ಅಣ್ಣನ ಮಾತಿಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಹಾಜಿಯವರ ಮೇಲೂ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸರಿ ಅಂತ ಗೊತ್ತಿದ್ದುದರಿಂದ ಆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಆಫೀಸು ತೆರೆಯುವ ಹೊತ್ತಿಗೆ ಅವರು ನನ್ನನ್ನು ಕರೆದುಕೊಂಡು ಸಾರಿಗೆ ಕಚೇರಿಗೆ ಹೋದರು. ಕೈಯಲ್ಲಿದ್ದ ಪರ್ಮಿಟನ್ನು ಇನ್ಸ್‌ಪೆಕ್ಟರ್ ಮೇಡಂ ಅವರ ಮುಂದಿಟ್ಟು, ಇದು ಈಗ ನಮ್ಮ ಲೋಡಿಗೆ ಹೊಂದುವುದಿಲ್ಲ, ಹೊಸ ಅರ್ಜಿ ತಗೊಳ್ಳಿ ಅಂದರು. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದು ಬರುವವರನ್ನು ದಿನಾ ನೋಡುತ್ತೇನೆ, ಕೊಟ್ಟ ಪರ್ಮಿಟನ್ನು ವಾಪಸು ತಂದವರನ್ನು ನೋಡಿದ್ದು ಇದೇ ಮೊದಲು ಅಂದರು ಆ ಮೇಡಂ. ಒಳ್ಳೆಯವರು. ಯಾರ್ಡಿಗೆ ತಾವೇ ಬಂದು ಅಳೆಯುತ್ತೇನೆ ಎಂದರು. ಆದರೂ ಉಳಿದ ಇಲಾಖೆಗಳ ಒಪ್ಪಿಗೆ ಬರಲು ಮುಂದಿನ ವಾರ ಆಗಿಯೇ ಆಗುತ್ತದೆ ಎಂದು ಬೇಸರದಿಂದಲೇ ಹೇಳಿದರು. ಅಷ್ಟು ದಿನ ಆ ರಾಶಿ ಕಾಯುವುದಿಲ್ಲ.

ಜುಮಾ ನಮಾಜು ಮುಗಿಸಿ ಹಾಜಿಯವರು ಯಾರ್ಡಿಗೆ ಬಂದಾಗ ಅಣ್ಣ ಇನ್ನೂ ಅಲ್ಲೇ ಇದ್ದ. ಊರಿಗೆ ಹೋಗಿ ಜನರಿಗೆ ಏನು ಹೇಳುವುದೆಂದು ತೋಚದೆ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಹಾಜಿಯವರು ಟ್ರೈಲರಿನ ಸುತ್ತ ನಡೆದರು. ಕೊಳವೆಯ ಬೆಸುಗೆಯನ್ನು ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕೇಳಿದರು:

“ಟೀಚರೇ, ಈ ಯಂತ್ರವನ್ನು ಎರಡು ಮಾಡ್ಲಿಕ್ಕೆ ಆಗ್ತದಾ?”

ಇಲ್ಲ ಅಂತ ಬೆಳಿಗ್ಗೆಯೇ ಗೊತ್ತಾಗಿದೆಯಲ್ಲ ಅಂದೆ. ನನ್ನ ದನಿಯಲ್ಲಿ ಕಹಿ ಇತ್ತು.

“ಭತ್ತವನ್ನು?”

ನಾನು ಅವರ ಮುಖ ನೋಡಿದೆ. ಅಣ್ಣನೂ ಎದ್ದು ನಿಂತ.

“ಭತ್ತವನ್ನು ಎಷ್ಟು ಬೇಕಾದ್ರೂ ಮಾಡ್ಬಹುದು” ಅಂದರು ಹಾಜಿಯವರು. “ಚೀಲದಲ್ಲಿ ತುಂಬಿ ಲಾರಿಯಲ್ಲಿ ಹಾಕಿದ್ರೆ ಅದಕ್ಕೆ ಯಾವ ಪರ್ಮಿಟೂ ಬೇಡ. ಯಂತ್ರ ಹೇಗೂ ಜೋಡಿಸಿ ಆಗಿದೆ, ಓಡ್ತದೆ. ಒಣಗಿಸ್ಲಿಕ್ಕೆ ತೊಕ್ಕೊಟ್ಟೇ ಆಗ್ಬೇಕು ಅಂತ ಉಂಟಾ ಭಟ್ರೇ? ಯಂತ್ರ ತಿರುಗಿಸ್ಲಿಕ್ಕೆ ನಿಮ್ಮ ಟ್ರಾಕ್ಟರ್ ಬರ್ಲಿ. ನನ್ನ ಎರಡು ಲಾರಿ ಈಗಲೇ ಹೊರಡ್ತದೆ.”

ಹಿಂದಿನ ದಿನ ಅಣ್ಣ ಆತುರದಲ್ಲಿ ಮಾಡಿಸಿದ ಜೋಡಣೆಯಿಂದಲೇ ಯಂತ್ರ ಸೇತುವೆ ದಾಟದಂತಾಗಿತ್ತು. ಅದೇ ಜೋಡಣೆಯಿಂದ ಈಗ ಅದು ನಿಂತಲ್ಲೇ ಓಡುವಂತಾಗಿತ್ತು. ಇದು ಬೆಳಿಗ್ಗೆ ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕ್ರೇನು ತರಿಸಿ ಯಂತ್ರವನ್ನು ಇಳಿಸಿದರು. ಅಣ್ಣನ ಗುಂಪಿನ ಟ್ರಾಕ್ಟರು ಸೇತುವೆ ದಾಟಿ ಬಂದು ಅದಕ್ಕೆ ಹೆಗಲು ಕೊಟ್ಟಿತು. ಶನಿವಾರ ಬೆಳಿಗ್ಗೆ ಮೊದಲ ಲಾರಿ ಬಂದಾಗ ಚೀಲಗಳಿಂದ ಹುಳಿ ವಾಸನೆ ಬರುತ್ತಿತ್ತು. ಲಾರಿಯ ಜೊತೆಗೆ ಬಂದ ಗುಂಪಿನ ಹೆಂಗಸರು ಯಾರ್ಡಿನಲ್ಲಿ ಸಾಲಾಗಿ ನಿಂತು ಚೀಲ ಬಿಚ್ಚಿದರು. ಕೊಳವೆ ಭತ್ತವನ್ನು ಮೇಲೆತ್ತಿ ಹೊಟ್ಟೆಗೆ ಸುರಿಯಿತು. ಬಿಸಿ ಗಾಳಿ ಊದುವ ಸದ್ದಿಗೆ ನಂತೂರಿನ ಲಾರಿಗಳ ಸದ್ದೂ ಕೇಳದಾಯಿತು. ಅಕ್ಕಪಕ್ಕದ ಮನೆಯವರು ಧೂಳಿನ ದೂರು ಹೇಳಲು ಬಂದರು. ಹಾಜಿಯವರು ಅವರನ್ನು ಒಳಗೆ ಕರೆದು, ಭತ್ತ ತೋರಿಸಿ, ಎರಡು ದಿನದ ಮಟ್ಟಿಗೆ ಸಹಿಸಿಕೊಳ್ಳಿ ಅಂತ ಕೈಮುಗಿದರು. ಅವರಲ್ಲೊಬ್ಬರು ಮನೆಯಿಂದ ಒಂದು ದೊಡ್ಡ ಪಾತ್ರೆ ಚಹಾ ಕಳಿಸಿದರು. ಹಾಜಿಯವರ ಬಿಳಿ ಅಂಗಿ ಮಧ್ಯಾಹ್ನದೊಳಗೆ ಗೋಣಿಯ ಬಣ್ಣಕ್ಕೆ ತಿರುಗಿತ್ತು. ಅಷ್ಟು ಸಂತೋಷವಾಗಿ ನಾನು ಅವರನ್ನು ನೋಡಿದ್ದೇ ಇಲ್ಲ.

ಅಣ್ಣ ಮಾತ್ರ ಅವರ ಎದುರು ಬರುತ್ತಿರಲಿಲ್ಲ. ಲಾರಿಯ ಜೊತೆ ಹೋಗುವನು, ಬರುವನು, ಚೀಲ ಹೊರುವನು. ಅವರು ಈ ಬದಿಯಲ್ಲಿದ್ದರೆ ಇವನು ಆ ಬದಿ. ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲ.

ಸೋಮವಾರ ಮಧ್ಯಾಹ್ನ ಕೊನೆಯ ರಾಶಿ ಯಂತ್ರದಿಂದ ಹೊರಬಂತು. ಮಳೆ ಸುರಿಯುತ್ತಲೇ ಇತ್ತು, ಆದರೆ ಯಾರ್ಡಿನ ಶೀಟಿನಡಿಯಲ್ಲಿ ಭತ್ತ ಸರಸರ ಎನ್ನುತ್ತಿತ್ತು. ಹಾಜಿಯವರು ಒಂದು ಕಾಳು ಬಾಯಿಗೆ ಹಾಕಿ ಕಚ್ಚಿದರು. ಇನ್ನೊಂದನ್ನು ಅಣ್ಣನ ಕಡೆ ಚಾಚಿದರು. ಅಣ್ಣ ಹತ್ತಿರ ಬಂದು ತೆಗೆದುಕೊಂಡು ಕಚ್ಚಿದ. ಕಟಕ್ಕೆಂದು ಮುರಿಯಿತು. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ.

“ಹಾಜಿಯವರೇ, ಆವತ್ತು ನಾನು...” ಅಂತ ಶುರುಮಾಡಿದ.

“ಅದೆಲ್ಲ ಮತ್ತೆ ಭಟ್ರೇ. ಲಾರಿ ನೋಡಿ.”

ಅಣ್ಣ ತಿರುಗಿ ನೋಡಿದ. ಒಣಗಿದ ಭತ್ತವನ್ನು ಊರಿಗೆ ಒಯ್ಯುವ ಕೊನೆಯ ಟ್ರಿಪ್ಪಿನ ಲಾರಿಗೆ ಹೇರಿ ಆಗಿತ್ತು. ಇನ್ನೊಂದು ಸಲ ಬರುವುದು ಯಾಕೆಂದು ಹೇರುವವರು ಚೀಲಗಳ ಒಂದು ಸಾಲನ್ನು ಬದಿಯ ಹಲಗೆಗಿಂತಲೂ ಮೇಲೆ, ಹೊರಕ್ಕೆ ವಾಲುವಂತೆ ಪೇರಿಸಿದ್ದರು. ಅಣ್ಣ ಪಂಚೆಯನ್ನು ಎತ್ತಿ ಕಟ್ಟಿದ. ಯಾರನ್ನೂ ಕರೆಯಲಿಲ್ಲ. ಮಳೆಯಲ್ಲೇ ಟಾರ್ಪಾಲು ಎತ್ತಿ, ಚಕ್ರದ ಮೇಲೆ ಕಾಲಿಟ್ಟು ಹತ್ತಿ, ವಾಲಿದ ಚೀಲಗಳನ್ನು ಒಂದೊಂದಾಗಿ ಎಳೆದು ಕೆಳಗಿನವರ ಹೆಗಲಿಗೆ ಕೊಟ್ಟ. ಬಗ್ಗಿ ಒಂದು ಬದಿ ನೋಡಿದ, ಇನ್ನೊಂದು ಬದಿ ನೋಡಿದ. ಹಲಗೆಯ ಹೊರಗೆ ಅಂಗೈ ಆಡಿಸಿ, ಏನೂ ತಾಗುವುದಿಲ್ಲ ಎಂದು ಖಾತ್ರಿಯಾದ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿದ.

ಒದ್ದೆ ಹಲಗೆಯ ಮೇಲೆ ಇಳಿಯಲು ಅವನು ಕಾಲು ಹುಡುಕುತ್ತಿದ್ದಾಗ ಹಾಜಿಯವರು ಕೆಳಗಿನಿಂದ ಕೈ ಚಾಚಿದರು. ಅಣ್ಣ ಆ ಕೈ ಹಿಡಿದು ಇಳಿದ. ನೆಲ ಮುಟ್ಟಿದ ಮೇಲೂ ಅವನು ಅದನ್ನು ಬಿಡಲಿಲ್ಲ, ಹಾಜಿಯವರೂ ಎಳೆದುಕೊಳ್ಳಲಿಲ್ಲ.